ಒರಳು ಕಟ್ಟಿದ ಹಾಡು

ಲುಸಾಕಾ
2 ಫೆಬ್ರವರಿ 1975

ಪ್ರೀತಿಯ ತಿವೊಂಗೆ ಅಕ್ಕನಿಗೆ,

ಈ ಕಾಗದವನ್ನು ಲಾರಿ ಓಡಿಸುವ ಮ್ಸಿಸ್ಕಾ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಗಡಿಯಾಚೆ ಇನ್ಯಾರೋ ಓದುತ್ತಾರೆ. ಜೊತೆಗೆ ಎರಡು ಸೋಪು, ಸೊಂಟಕ್ಕೆ ಸುತ್ತಿ ಉಡುವ ಒಂದು ಚಿತೆಂಜೆ ಬಟ್ಟೆ ಇದೆ. ಬಟ್ಟೆ ಲುಸುಂಗುವಿಗೆ. ಸೋದರಮಾವ ಕೊಟ್ಟ ಬಹುಮಾನ ಎಂದು ಹೇಳಿ ಕೊಡು.

ಬಹುಮಾನ ಯಾಕೆಂದರೆ, ಅವಳ ಹಾಡು ಅಚ್ಚಾಗಿದೆ. ಕಳೆದ ಆಗಸ್ಟಿನಲ್ಲಿ ರಜೆಗೆ ಬಂದಾಗ ನಿನ್ನ ಅಂಗಳದಲ್ಲಿ ಕೂತು ಹೆಂಗಸರ ಕುಟ್ಟುವ ಹಾಡುಗಳನ್ನು ಟೇಪಿಗೆ ತುಂಬಿಕೊಂಡೆನಲ್ಲ, ಅವುಗಳ ಮೇಲೆ ಹನ್ನೊಂದು ಪುಟದ ಲೇಖನ ಬರೆದೆ. ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬಂದಿದೆ. ಉಳಿದ ಹಾಡುಗಳಿಗೆ ನಾಲ್ಕು ಪುಟ, ಗಿಡುಗನ ಹಾಡು ಒಂದಕ್ಕೇ ಏಳು ಪುಟ. ನಿನಗೆ ನೆನಪಿರಬೇಕು:

ಗಿಡುಗಪ್ಪಾ, ನಿನಗೆ ಶರಣು.
ನಮ್ಮ ಮರಿಗಳಿಗೆ ಬಿಸಿಲು ತಾಗದಂತೆ
ನೆರಳಾಗಿ ಹಾರುವೆ.
ಒಂದು ಮರಿ ಕಾಣೆ, ನಮಗೆ ಎಣಿಸಲು ಬಾರದು.
ಎರಡು ಮರಿ ಕಾಣೆ, ನಮಗೆ ಎಣಿಸಲು ಬಾರದು.
ಕುಟ್ಟು, ಒನಕೆ, ಕುಟ್ಟು.

ಬೈಗುಳಕ್ಕೆ ಹೊಗಳಿಕೆಯ ಬಟ್ಟೆ ತೊಡಿಸಿದ ರೀತಿ, ಎಣಿಸಲು ಬಾರದು ಎನ್ನುತ್ತಲೇ ಎಣಿಸಿ ತೋರಿಸುವ ಜಾಣತನ, ಪಲ್ಲವಿ ಬಂದಾಗಲೆಲ್ಲ ಒನಕೆಯ ಪೆಟ್ಟು ತಾನೇ ಒಂದು ಮಾತಾಗುವುದು, ಇದೆಲ್ಲವನ್ನೂ ಬಿಡಿಸಿ ಬರೆದಿದ್ದೇನೆ. ಗಿಡುಗ ಎಂದರೆ ದೇಶವನ್ನು ಆಳುತ್ತಿರುವ ಹಿರಿಯರು ಎಂದೂ ಧೈರ್ಯವಾಗಿ ಬರೆದೆ. ನಮ್ಮ ಪ್ರೊಫೆಸರು ಎದ್ದು ಬಂದು ಕೈ ಕುಲುಕಿದರು.

ಕವಿಗಳಿಗೆ ಹೆಸರಿದೆ, ನಮ್ಮ ಹೆಂಗಸರಿಗೆ ಯಾಕಿರಬಾರದು? ಕೆಳಗೆ ಸ್ಪಷ್ಟವಾಗಿ ಹಾಕಿಸಿದ್ದೇನೆ: ರಚನೆ, ಲುಸುಂಗು, ವಯಸ್ಸು ಹತ್ತೊಂಬತ್ತು, ಕಬುಂಬಾ ಗ್ರಾಮ.

ಜಕೆಯೊ ಭಾವ ಇದ್ದಿದ್ದರೆ ಮಗಳ ಹೆಸರು ಅಚ್ಚಾದದ್ದನ್ನು ನೋಡಿ ಔಷಧದ ಅಂಗಡಿ ಬಾಗಿಲು ಹಾಕಿ ಕುಣಿಯುತ್ತಿದ್ದರು.

ನಿನ್ನ ತಮ್ಮ,
ಯೋತಾಮು


ಕಬುಂಬಾ
6 ಏಪ್ರಿಲ್ 1975

ತಮ್ಮ ಯೋತಾಮುವಿಗೆ ಅಕ್ಕ ತಿವೊಂಗೆಯ ಆಶೀರ್ವಾದಗಳು.

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಇಲ್ಲಿ ಎಲ್ಲವೂ ಚೆನ್ನಾಗಿದೆ. ಮಳೆ ಚೆನ್ನಾಗಿ ಆಯಿತು. ಪಕ್ಷದ ಚೇರ್ಮನ್ ಕಲುವಾ ಅವರ ಆರೋಗ್ಯ ಚೆನ್ನಾಗಿದೆ.

ನಿನ್ನ ಲೇಖನವನ್ನು ಇಲ್ಲಿಯ ದೊಡ್ಡವರೂ ಓದಿ ಮೆಚ್ಚಿದ್ದಾರೆ. ಮಾರ್ಚ್ 18ರಂದು ಎರಡು ಜೀಪು ಬಂದವು. ಲುಸುಂಗುವನ್ನು ಬಹಳ ಗೌರವದಿಂದ ದಕ್ಷಿಣಕ್ಕೆ ಕರೆದುಕೊಂಡು ಹೋದರು. ಎರಡೂ ಕಡೆ ಒಬ್ಬೊಬ್ಬರು ಕೂತು ತೋಳು ಹಿಡಿದುಕೊಂಡಿದ್ದರು, ದಾರಿಯಲ್ಲಿ ಬೀಳಬಾರದು ಎಂದು. ಊಟ ವಸತಿ ಎಲ್ಲ ಅವರದೇ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಹೇಳಲಿಲ್ಲ, ಅಷ್ಟು ಪ್ರೀತಿ. ನಮ್ಮ ಒರಳು ಕೂಡ ಅವರಿಗೆ ಹಿಡಿಸಿತು. ಅದನ್ನೂ ಜೀಪಿಗೆ ಹಾಕಿಕೊಂಡರು.

ನಾನು ಪಕ್ಕದ ನ್ಯಾಗೊಂಡ್ವೆ ಮನೆಯಲ್ಲಿ ಕುಟ್ಟಿಕೊಳ್ಳುತ್ತಿದ್ದೇನೆ. ನೀನು ಚೆನ್ನಾಗಿ ಓದು. ಮತ್ತೇನಾದರೂ ಬರೆಯುವ ಮುಂಚೆ ಅಕ್ಕನನ್ನು ನೆನೆಸಿಕೋ.

ತಿವೊಂಗೆ


ಲುಸಾಕಾ
29 ಏಪ್ರಿಲ್ 1975

ಅಕ್ಕಾ,

ನಿನ್ನ ಕಾಗದ ತಲುಪಿತು. ಎರಡು ದಿನ ಉತ್ತರ ಬರೆಯಲು ಮನಸ್ಸು ಬರಲಿಲ್ಲ.

ಹಾಗಾದರೆ ಲುಸುಂಗು ಕೂಡ ಹೋದಳು. ದೊಡ್ಡವರು ಬಂದಾಗ ವಿಮಾನ ನಿಲ್ದಾಣದಲ್ಲಿ ಒಂದೇ ಬಣ್ಣದ ಬಟ್ಟೆ ಉಟ್ಟು, ಸೊಂಟ ಕುಣಿಸಿ ಹೊಗಳಿ ಹಾಡುವ ಹೆಂಗಸರ ಸಾಲಿಗೆ ಅವಳೂ ಸೇರಿದಳು. ಜೀಪು ಕಳಿಸಿ ಕರೆಸಿಕೊಂಡರು ಎಂದು ನೀನು ಸಂಭ್ರಮದಿಂದ ಬರೆಯುತ್ತೀಯ. ಊಟ ಅವರದೇ, ವಸತಿ ಅವರದೇ. ಅಪ್ಪನನ್ನು ನುಂಗಿದವರ ಅನ್ನ ಮಗಳ ಗಂಟಲಲ್ಲಿ ಇಳಿಯುತ್ತದೆಯೇ?

ನಾನು ಅವಳನ್ನು ದಿಟ್ಟೆ ಎಂದು ಬರೆದೆ. ಏಳು ಪುಟ ಬರೆದೆ. ಈಗ ಇಲ್ಲಿಯ ಸ್ನೇಹಿತರಿಗೆ ಏನು ಹೇಳಲಿ? ಒರಳನ್ನೂ ಕೊಟ್ಟು ಕಳಿಸಿದಿರಂತೆ, ವೇದಿಕೆಯ ಮೇಲೆ ಇಡಲಿಕ್ಕಿರಬೇಕು.

ನಿನ್ನನ್ನು ಬೈದು ಪ್ರಯೋಜನವಿಲ್ಲ. ಭಾವನನ್ನು ಕರೆದೊಯ್ದ ದಿನವೂ ನೀನು ಒಂದು ಮಾತು ಆಡಲಿಲ್ಲ. ಚೇರ್ಮನ್ ಎದುರಿಗೆ ಬಂದರೆ ಮಂಡಿಯೂರಿ ಕೈ ತಟ್ಟಿ ನಮಸ್ಕಾರ ಹೇಳುತ್ತೀಯ, ನಾನೇ ಕಣ್ಣಾರೆ ನೋಡಿದ್ದೇನೆ. ಆ ಮೌನವನ್ನೇ ಮಗಳಿಗೂ ಕಲಿಸಿದ್ದೀಯ. ಹಾಡು ಕಟ್ಟುವ ಬಾಯಿ ನಿನ್ನಿಂದ ಅವಳಿಗೆ ಬಂದದ್ದಲ್ಲ, ಅಷ್ಟು ಮಾತ್ರ ನನಗೆ ಗೊತ್ತು.

ಯೋತಾಮು


ಕಬುಂಬಾ
25 ಮೇ 1975

ಯೋತಾಮು,

ಇದು ಮ್ಸಿಸ್ಕಾ ಕೈಯಲ್ಲಿ ಬರುತ್ತದೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಏಳು ಪುಟ ಬಿಡಿಸಿ ಬರೆದವನಿಗೆ ಅಕ್ಕನ ಒಂದು ಪುಟ ಓದಲು ಬರಲಿಲ್ಲ. ನಿನ್ನ ಮಗಳಂಥವಳು ಜೈಲಿನಲ್ಲಿದ್ದಾಳೆ. ಕುಣಿಯುತ್ತಿಲ್ಲ. ಈಗ ಅರ್ಥವಾಯಿತೇ?

ನಾನು ಪ್ರತಿದಿನ ಜಕೆಯೊನ ಔಷಧದ ಪುಸ್ತಕದ ಖಾಲಿ ಹಾಳೆಗಳಲ್ಲಿ ಒಂದು ಸಾಲು ಬರೆದಿಡುತ್ತೇನೆ, ನಿನಗೆ ಗೊತ್ತು. ಮಾರ್ಚ್ 18ಕ್ಕೆ ಹೀಗಿದೆ: ಚಾಪೆಯ ಮೇಲಿನ ಹಿಟ್ಟು ನೆನೆಯಿತು. ಅಷ್ಟೇ ಬರೆಯಲಾಯಿತು. ಉಳಿದದ್ದನ್ನು ಈಗ ಹೇಳುತ್ತೇನೆ.

ಬೆಳಿಗ್ಗೆ ನಾವು ನಾಲ್ವರು ಕುಟ್ಟುತ್ತಿದ್ದೆವು. ಹಿಂದಿನ ದಿನದ ಹಿಟ್ಟನ್ನು ಚಾಪೆಯ ಮೇಲೆ ಒಣಹಾಕಿದ್ದೆವು. ಜೀಪಿನಿಂದ ಚೇರ್ಮನ್ ಕಲುವಾ ಇಳಿದ. ಅವನ ಕೈಯಲ್ಲಿ ನಿನ್ನ ಪತ್ರಿಕೆ ಇತ್ತು. ಗಡಿಯಲ್ಲಿ ಯಾವುದೋ ವಿದ್ಯಾರ್ಥಿಯ ಚೀಲದಲ್ಲಿ ಸಿಕ್ಕಿತಂತೆ. ಪಕ್ಕದಲ್ಲಿ ಒಬ್ಬ ದಕ್ಷಿಣದ ಪೊಲೀಸು ಅಧಿಕಾರಿ, ವಯಸ್ಸಾದವನು, ಬಿಸಿಲಿಗೆ ಮುಖ ಕಿವುಚಿಕೊಂಡಿದ್ದ. ಅವನು ಕೇಳಿದ, "ಯಾರಮ್ಮ ಈ ಹಾಡು ಕಟ್ಟಿದ್ದು?"

ನ್ಯಾಗೊಂಡ್ವೆ ಒನಕೆ ನಿಲ್ಲಿಸದೆ ಹೇಳಿದಳು, "ಒರಳು ಕಟ್ಟಿದ್ದು ಸಾಹೇಬ್ರೆ. ನಾವು ಬರೀ ಕುಟ್ಟೋರು."

ಈ ಉತ್ತರ ನಿನಗೆ ಹೊಸದಲ್ಲ. ಆಗಸ್ಟಿನಲ್ಲಿ ಟೇಪಿನ ಪೆಟ್ಟಿಗೆ ಹಿಡಿದು ನೀನೂ ಇದನ್ನೇ ಕೇಳಿದೆ, ಅವಳು ಇದನ್ನೇ ಹೇಳಿದಳು. ಮುದುಕಿಗೆ ಗೊತ್ತಿಲ್ಲ ಎಂದುಕೊಂಡು ನೀನು ನಕ್ಕೆ. ಯಾರ ಗಂಟಲು ದೊಡ್ಡದೋ ಅವಳ ಹೆಸರು ಬರೆದುಕೊಂಡೆ.

ಕಲುವಾ ನಗಲಿಲ್ಲ. "ಹಂಗಾದ್ರೆ ಒರಳನ್ನೂ ಹತ್ಸಿ. ಸಾಕ್ಷಿ ಹೇಳ್ಲಿ," ಅಂದ. ಇಬ್ಬರು ಕಾನ್‌ಸ್ಟೇಬಲ್‌ಗಳು ಅದರೊಳಗಿನ ಜೋಳವನ್ನು ಮಣ್ಣಿಗೆ ಸುರಿದು, ಒರಳನ್ನು ಹೊತ್ತು ಜೀಪಿಗೆ ಹಾಕಿದರು. ನಮ್ಮ ಅತ್ತೆ ಅದರಲ್ಲೇ ಕುಟ್ಟಿದ್ದಳು. ಆಮೇಲೆ ಅಧಿಕಾರಿ ಪತ್ರಿಕೆ ನೋಡಿ ಹೆಸರು ಓದಿದ. ಲುಸುಂಗು ತಾನೇ ಮುಂದೆ ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೀನು ಕಳಿಸಿದ ಬಹುಮಾನದ ಬಟ್ಟೆಯನ್ನೇ ಉಟ್ಟಿದ್ದಳು. ಸಂಜೆ ಮಳೆ ಬಂತು, ಚಾಪೆಯ ಹಿಟ್ಟನ್ನು ಎತ್ತಿಡುವುದು ಯಾರಿಗೂ ನೆನಪಾಗಲಿಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಹಳೆಯ ಮುಖಂಡ ಜನರ ಆಡುಗಳನ್ನು ಹೊಡೆದುಕೊಳ್ಳುತ್ತಿದ್ದದ್ದು ನಿನಗೆ ಅಜ್ಜಿ ಹೇಳಿಲ್ಲವೇ? ಅವನು ದಾರಿಯಲ್ಲಿ ಹೋಗುವಾಗ ಅಜ್ಜಿ ಕುಟ್ಟುತ್ತ ಹಾಡಿದಳು, ಹೊಟ್ಟೆಯೊಳಗಿಂದ ಆಡು ಕೂಗುವ ಮನುಷ್ಯನನ್ನು ನೋಡಿದಿರಾ ಅಂತ. ಅವನು ಬೇಲಿಯ ಹತ್ತಿರ ನಿಂತು ಪೂರ್ತಿ ಕೇಳಿದ. ಏನೂ ಆಡದೆ ಮನೆಗೆ ಹೋದ. ಯಾಕೆ? ಸಿಟ್ಟು ಮಾಡಿದರೆ ಆ ಮನುಷ್ಯ ತಾನೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಮಾತಿನಲ್ಲಿ ಅಂದಿದ್ದರೆ ಅಜ್ಜಿಗೆ ದಂಡ. ಒರಳಿನ ಮುಂದೆ ಅಂದದ್ದಕ್ಕೆ ದಂಡವಿಲ್ಲ. ಸೊಸೆಗೆ ಅತ್ತೆಯ ಮೇಲೆ, ಎರಡನೆಯ ಹೆಂಡತಿಗೆ ಗಂಡನ ಮೇಲೆ, ಎಲ್ಲರಿಗೂ ಅದೊಂದೇ ಜಾಗ ಇತ್ತು.

ಗಿಡುಗ ಎಂದರೆ ದೇಶದ ಹಿರಿಯರು ಎಂದು ನೀನು ಬರೆದೆ. ಅಷ್ಟು ಎತ್ತರದ ಹಕ್ಕಿ ನಮ್ಮ ಅಂಗಳದಿಂದ ಕಾಣುವುದೇ ಇಲ್ಲ. ಗಿಡುಗ ಕಲುವಾ. ಪಕ್ಷದ ಕಾರ್ಡು ಇಲ್ಲದವರಿಗೆ ಔಷಧ ಕೊಡಬೇಡ ಎಂದು ಜಕೆಯೊನಿಗೆ ಹೇಳಿದವನು ಅವನು. ಕೊಟ್ಟಾಗ ಹಿಡಿಸಿದವನು ಅವನು. ಜಕೆಯೊ ಎಲ್ಲಿ ಎಂದು ಕೇಳಲು ಹೋದ ಮೇಷ್ಟ್ರನ್ನೂ ಹಿಡಿಸಿದವನು ಅವನು. ಎರಡು ಮರಿ. ಎರಡು ವರ್ಷ ಅವನು ಈ ಹಾಡು ಕೇಳುತ್ತ ನಮ್ಮ ಬೇಲಿ ದಾಟಿ ಹೋದ. ಒಳಗೊಳಗೆ ಬೇಯುತ್ತಿದ್ದ. ಬಾಯಿ ಬಿಡುವ ಹಾಗಿರಲಿಲ್ಲ, ಬಿಟ್ಟರೆ ಗಿಡುಗ ನಾನೇ ಎಂದು ಇಡೀ ಊರಿಗೆ ಹೇಳಿದ ಹಾಗೆ. ಅವನು ಮುಖ ಬಾಡಿಸಿಕೊಂಡು ನಡೆದು ಹೋಗುವುದನ್ನು ನೋಡಿ ನಾನು ಆ ದಿನದ ಮುದ್ದೆ ನುಂಗುತ್ತಿದ್ದೆ. ನನಗಿದ್ದ ನ್ಯಾಯ ಅದಿಷ್ಟೇ.

ನೀನು ಗಿಡುಗನನ್ನು ಅವನ ತಲೆಯಿಂದ ಎತ್ತಿ ದೊಡ್ಡವರ ತಲೆಯ ಮೇಲೆ ಕೂರಿಸಿದೆ. ಅವನಿಗೆ ನಾಚಿಕೆಯೂ ಉಳಿಯಲಿಲ್ಲ, ಹೆದರಿಕೆಯೂ ಉಳಿಯಲಿಲ್ಲ. ಈಗ ಅವನು ದೊಡ್ಡವರ ಮಾನ ಕಾಪಾಡಿದ ನಿಷ್ಠಾವಂತ.

ಎರಡು ಸಲ ಜಿಲ್ಲೆಯ ಠಾಣೆಗೆ ಹೋದೆ. ಆ ಮುದುಕ ಅಧಿಕಾರಿ ಎರಡನೆಯ ಸಲ ಕೂರಲು ಹೇಳಿದ. ಹೇಳಿದ್ದು ಇಷ್ಟು: "ನೋಡಮ್ಮ, ಮೇಲಿನೋರು ಕಾಗದ ನಂಬ್ತಾರೆ. ನಿನ್ನ ಕಣ್ಣೀರ್ನ ಫೈಲಲ್ಲಿ ಹಾಕಕ್ಕಾಗಲ್ಲ. ಬರದಿದಾನಲ್ಲ, ಅವನೇ ಸುಳ್ಳು ಬರದೆ ಅಂತ ಬರೀಲಿ. ಅಚ್ಚಾಗ್ಲಿ. ಅದನ್ನ ನಂಗೆ ತಂದ್ಕೊಡು."

ಆದ್ದರಿಂದ ಬರಿ. ಲುಸುಂಗು ಕಟ್ಟಿದ್ದಲ್ಲ, ಅಂಥ ಹುಡುಗಿಯೇ ಇಲ್ಲ, ಹಾಡು ನಾನೇ ಕಟ್ಟಿದ್ದು ಎಂದು ಬರಿ. ಅದೇ ಪತ್ರಿಕೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ತಿವೊಂಗೆ


ಲುಸಾಕಾ
12 ಜೂನ್ 1975

ಅಕ್ಕಾ,

ಮ್ಸಿಸ್ಕಾ ಲಾರಿಯ ನೆರಳಲ್ಲೇ ನಿಂತು ಓದಿದೆ. ಓದಿ ಮುಗಿಸುವ ಹೊತ್ತಿಗೆ ಅವನು ನನ್ನ ತೋಳು ಹಿಡಿದುಕೊಂಡಿದ್ದ. ಏಪ್ರಿಲ್ ಕಾಗದದಲ್ಲಿ ನಾನು ಬರೆದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಆದರೆ ಸುಮ್ಮನೆ ಕೂತಿಲ್ಲ. ನಮ್ಮ ಪ್ರೊಫೆಸರು ಹೊರದೇಶದ ಸಂಘಗಳಿಗೆ ಬರೆದಿದ್ದಾರೆ. ಲುಸುಂಗುವಿನ ಹೆಸರಿನಲ್ಲಿ ಮನವಿ ತಯಾರಾಗಿದೆ, ಎಂಬತ್ತು ಸಹಿ ಬಂದಿದೆ. ಹಾಡು ಈಗ ಇನ್ನೂ ಎರಡು ಭಾಷೆಗೆ ಹೋಗಿದೆ. ಅವಳ ಹೆಸರು ಎಷ್ಟು ದೂರ ಹೋಗುತ್ತದೆಯೋ ಅಷ್ಟು ಅವಳಿಗೆ ರಕ್ಷಣೆ, ಎಲ್ಲರೂ ಹಾಗೆಯೇ ಹೇಳುತ್ತಾರೆ.

ನೀನು ಕೇಳಿದ್ದನ್ನು ಮಾತ್ರ ಹೇಗೆ ಮಾಡಲಿ? ನನ್ನ ಓದಿನ ಮಾತು ಬಿಡು. ಅವಳ ಹಾಡನ್ನು ಅವಳಿಂದ ಕಿತ್ತುಕೊಂಡು ನನ್ನದು ಎನ್ನುವುದೇ? ಅವರು ಅವಳ ಮೈಯನ್ನು ಹಿಡಿದಿಟ್ಟಿದ್ದಾರೆ, ನಾನು ಮಾತನ್ನೂ ಕದಿಯಲೇ? ಅವಳು ಹೊರಬಂದು ಕೇಳಿದರೆ ಏನು ಹೇಳಲಿ? ಹತ್ತೊಂಬತ್ತು ವರ್ಷದ ಹುಡುಗಿ ಅಂಥ ಸಾಲು ಕಟ್ಟಿದ್ದಾಳೆ. ಅದು ಅವಳದೇ ಎಂದು ಯಾರಾದರೂ ಹಿಡಿದು ನಿಲ್ಲಬೇಕಲ್ಲ.

ಇನ್ನೆರಡು ತಿಂಗಳು ಕೊಡು.

ಯೋತಾಮು


ಕಬುಂಬಾ
6 ಜುಲೈ 1975

ಯೋತಾಮು,

ಹಾಡು ಅವಳದಲ್ಲ. ನನ್ನದು.

ಈ ಎರಡು ಮಾತನ್ನು ಒರಳಿನ ಮುಂದೆ ನಿಂತವರಾರೂ ಬಾಯಲ್ಲಿ ಆಡುವುದಿಲ್ಲ. ನಮ್ಮ ಅಜ್ಜಿ ಆಡಲಿಲ್ಲ. ನೀನು ನನ್ನಿಂದ ಆಡಿಸಿದೆ.

ಜಕೆಯೊನನ್ನು ಕರೆದೊಯ್ದು ಹದಿನೇಳು ದಿನಕ್ಕೆ ಅವನ ಸೈಕಲ್ ತಂದು ಬೇಲಿಗೆ ಒರಗಿಸಿ ಹೋದರು. ಹ್ಯಾಂಡಲ್ಲಿನಲ್ಲಿ ಅವನ ಊಟದ ಗಂಟು ಹಾಗೇ ನೇತಾಡುತ್ತಿತ್ತು, ಉಸಿಪಾ ಮೀನು ಹುಳ ಹಿಡಿದಿತ್ತು. ಅತ್ತರೆ ಸತ್ತವನಿಗೆ ಅತ್ತ ಹಾಗೆ, ಸತ್ತನೆಂದು ಯಾರೂ ಹೇಳಿರಲಿಲ್ಲ. ತಲೆ ಬೋಳಿಸಿಕೊಳ್ಳುವ ಹಾಗಿಲ್ಲ, ಹೆಣವಿಲ್ಲ. ನಾನು ಒನಕೆ ತೆಗೆದುಕೊಂಡೆ. ಅವತ್ತು ಕುಟ್ಟಲು ಜೋಳವೂ ಇರಲಿಲ್ಲ, ಖಾಲಿ ಒರಳಿಗೆ ಕುಟ್ಟಿದೆ. ಮೊದಲು ಬಂದದ್ದು ಎಣಿಸಲು ಬಾರದು ಎನ್ನುವ ಸಾಲು. ಹದಿನೇಳು ದಿನ ಬೆರಳು ಮಡಚಿ ಎಣಿಸಿದವಳು ನಾನು. ಅದನ್ನು ನೀನು ಜಾಣತನ ಎಂದು ಬರೆದೆ.

ಆಮೇಲೆ ಲುಸುಂಗು ಬಂದು ಎದುರಿಗೆ ನಿಂತು ಎರಡನೆಯ ಒನಕೆ ಹಿಡಿದಳು. ನ್ಯಾಗೊಂಡ್ವೆ ಬಂದಳು. ನನ್ನ ದನಿ ಸಣ್ಣದು, ಲುಸುಂಗುವಿನದು ದೊಡ್ಡದು, ಅವಳು ಎತ್ತಿದಳು. ನೀನು ಬಂದಾಗ ನಾನು ನಿನ್ನ ಪಕ್ಕದಲ್ಲೇ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಟೇಪಿನಲ್ಲಿ ಜರಡಿಯ ಸದ್ದು ಕೇಳುತ್ತದಲ್ಲ, ಅದು ನಾನು. ಜರಡಿಯ ಸದ್ದಿನ ಬಗ್ಗೆಯೂ ನೀನು ಒಂದು ಸಾಲು ಬರೆದಿರಬೇಕು.

ಮೂರನೆಯ ಸಲ ಠಾಣೆಗೆ ಹೋಗಿ ಹೇಳಿದೆ, ಅದನ್ನು ಕಟ್ಟಿದವಳು ನಾನು, ನನ್ನನ್ನು ಇಟ್ಟುಕೊಳ್ಳಿ, ಮಗಳನ್ನು ಬಿಡಿ ಎಂದೆ. ಕಲುವಾ ಅಲ್ಲಿ ಚಹಾ ಕುಡಿಯುತ್ತಿದ್ದ. ನಕ್ಕ ನಗೆಗೆ ಚಹಾ ಮೂಗಿಗೆ ಹತ್ತಿತು. "ನೀನಾ? ನಮಸ್ಕಾರ ಹೇಳಕ್ಕೂ ಬಾಯಿ ಬರದೋಳು, ಹಾಡು ಕಟ್ತೀಯಾ? ಹೋಗ್ ತಾಯಿ, ಮಗಳ ಮೇಲಿನ ಆಸೆಗೆ ಏನೇನೋ ಹೇಳ್ಬೇಡ." ಅವನ ಮುಂದೆಯೇ ಹಾಡಿ ತೋರಿಸಿದೆ. ನನ್ನ ದನಿ ಕೇಳಿ ಕಾನ್‌ಸ್ಟೇಬಲ್‌ಗಳೂ ನಕ್ಕರು. ಅಧಿಕಾರಿ ಮಾತ್ರ ನಗಲಿಲ್ಲ. ಪತ್ರಿಕೆಯ ಮೇಲೆ ಬೆರಳಿಟ್ಟು, ಇಲ್ಲಿ ನಿನ್ನ ಹೆಸರಿಲ್ಲವಲ್ಲಮ್ಮ ಎಂದ.

ನನ್ನ ಮಗಳು ನಾಲ್ಕು ತಿಂಗಳಿಂದ ಅಲ್ಲಿ ಹಾಡು ತನ್ನದೇ ಎಂದು ಒಪ್ಪಿಕೊಂಡು ಕೂತಿದ್ದಾಳೆ. ಅವಳಿಗೆ ಗೊತ್ತು. ಮುಂದೆ ಬಂದಾಗ ನನ್ನ ಕಡೆ ತಿರುಗಿ ನೋಡಲಿಲ್ಲ ಎಂದು ಬರೆದೆನಲ್ಲ, ನೋಡಿದ್ದರೆ ನನ್ನ ಮುಖದಿಂದ ಅವರಿಗೆ ತಿಳಿಯುತ್ತಿತ್ತು. ಅವಳು ಅವರಿಂದ ನನ್ನನ್ನು ಮುಚ್ಚಿಟ್ಟಳು.

ನೀನು ಕದಿಯಲೇ ಎಂದು ಕೇಳುತ್ತೀಯ. ನನ್ನದನ್ನು ಕದ್ದು ಅವಳಿಗೆ ಕೊಟ್ಟಾಗ ನನ್ನನ್ನು ಕೇಳಿದೆಯಾ? ಈಗ ನಾನೇ ಕೊಡುತ್ತಿದ್ದೇನೆ, ತೆಗೆದುಕೋ. ಎಂಬತ್ತು ಸಹಿಗಳನ್ನು ಒಲೆಗೆ ಹಾಕು. ಪ್ರತಿಯೊಬ್ಬರೂ ಅವಳ ಹೆಸರನ್ನು ಇನ್ನೊಂದು ಮೊಳೆ ಹೊಡೆದು ಗೋಡೆಗೆ ಗಟ್ಟಿ ಮಾಡುತ್ತಿದ್ದಾರೆ.

ಮಾನ ಹೋಗುತ್ತದೆ, ಓದು ಹೋಗುತ್ತದೆ, ಊರಿಗೆ ಬರುವ ಹಾಗಿಲ್ಲ ಎಂದು ನಿನಗೆ ಹೆದರಿಕೆ. ಅದನ್ನಾದರೂ ನೇರ ಬರೆಯಬಾರದಿತ್ತೇ? ಅವಳ ಮಾತು ಅವಳ ಹಕ್ಕು ಎಂದು ನಿನ್ನ ಹೆದರಿಕೆಗೂ ಒಳ್ಳೆಯ ಬಟ್ಟೆ ಉಡಿಸಿದ್ದೀಯ. ಅದು ನಿನಗೆ ಚೆನ್ನಾಗಿ ಬರುತ್ತದೆ.

ಆಗಸ್ಟಿನೊಳಗೆ ಅಚ್ಚಾದ ಹಾಳೆ ಮ್ಸಿಸ್ಕಾ ಕೈಯಲ್ಲಿ ಬರದಿದ್ದರೆ ನನಗೆ ತಮ್ಮ ಇಲ್ಲ.

ತಿವೊಂಗೆ


ಲುಸಾಕಾ
3 ಆಗಸ್ಟ್ 1975

ಅಕ್ಕಾ,

ಹಾಳೆ ಇದರೊಳಗಿದೆ. ಹನ್ನೆರಡು ಪ್ರತಿ ಇದೆ, ಒಂದು ಕಳೆದರೆ ಇನ್ನೊಂದಿರಲಿ.

ಬರೆದದ್ದು ಇಷ್ಟು: ಕಬುಂಬಾ ಗ್ರಾಮದಲ್ಲಿ ಲುಸುಂಗು ಎಂಬ ಹಾಡುಗಾರ್ತಿ ಯಾರೂ ಇಲ್ಲ. ಗಿಡುಗನ ಹಾಡನ್ನು ನಾನೇ ಲುಸಾಕಾದಲ್ಲಿ ಕೂತು ಕಟ್ಟಿದೆ. ಹಳ್ಳಿಯ ಹೆಂಗಸಿನದು ಎಂದರೆ ಬೆಲೆ ಬರುತ್ತದೆಂದು ಸುಳ್ಳು ಹೆಸರು ಹಾಕಿದೆ, ಕೈಗೆ ಬಂದ ಸೋದರಸೊಸೆಯ ಹೆಸರನ್ನೇ ಹಾಕಿದೆ. ಅದರಲ್ಲಿ ಹಿರಿಯರ ವಿರುದ್ಧ ಏನಾದರೂ ಇದ್ದರೆ ಅದು ನನ್ನ ತಲೆಯಿಂದ ಬಂದದ್ದು.

ಪ್ರೊಫೆಸರು ನಿಜವೇ ಎಂದು ಕೇಳಿದರು. ನಿಜ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು. ಕಾಲೇಜು ಬಿಡಬೇಕಾಯಿತು. ಮ್ಸಿಸ್ಕಾ ಕಂಪನಿಯಲ್ಲಿ ಲಾರಿಗಳಿಗೆ ಸರಕು ಬರೆದುಕೊಳ್ಳುವ ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ.

ನಿನ್ನ ಕಾಗದ ಬಂದ ದಿನ ಟೇಪು ಹಾಕಿದೆ. ಜರಡಿಯ ಸದ್ದು ಕೇಳಿದೆ. ಅದರ ಬಗ್ಗೆ ನಾನೇನೂ ಬರೆದಿಲ್ಲ ಅಕ್ಕಾ. ಅಡ್ಡ ಬರುತ್ತದೆ ಎಂದು ಅವತ್ತು ನಿನ್ನನ್ನು ದೂರ ಕೂರಲು ಹೇಳಿದ್ದೆ. ನೀನು ಜರಗಲಿಲ್ಲ.

ಟೇಪನ್ನು ಸುಟ್ಟೆ.

ಯೋತಾಮು


ಲುಸಾಕಾ
21 ಸೆಪ್ಟೆಂಬರ್ 1975

ಅಕ್ಕಾ,

ಹಾಳೆ ತಲುಪಿತೆಂದು ಮ್ಸಿಸ್ಕಾ ಹೇಳಿದ. ನೀನು ತೆಗೆದುಕೊಂಡು ಒಳಗೆ ಹೋದೆಯಂತೆ, ಅವನಿಗೆ ನೀರು ಕೊಟ್ಟೆಯಂತೆ, ಕಾಗದ ಕೊಡಲಿಲ್ಲವಂತೆ. ಒಂದು ಸಾಲು ಸಾಕು. ಅವಳು ಬಂದಳೇ?

ಯೋತಾಮು


ಲುಸಾಕಾ
9 ನವೆಂಬರ್ 1975

ಅಕ್ಕಾ,

ಬಂದಳೇ?

ಯೋತಾಮು


ಕಬುಂಬಾ
14 ಡಿಸೆಂಬರ್ 1975

ಯೋತಾಮು,

ನಿನ್ನ ಹಾಳೆಯನ್ನು ಆಗಸ್ಟ್ 20ಕ್ಕೆ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವನು ಎರಡು ಸಲ ಓದಿ, ಫೈಲಿಗೆ ತೂತು ಹಾಕಿ ಸೇರಿಸಿದ. ಕಲುವಾ ಕೂಗಾಡಿದನಂತೆ, ಈ ಊರಿನವರೇ ಹಾಡುವುದನ್ನು ನಾನೇ ಎರಡು ವರ್ಷ ಕೇಳಿದ್ದೇನೆ ಎಂದನಂತೆ. ಅಧಿಕಾರಿ ಕೇಳಿದನಂತೆ, "ಎರಡು ವರ್ಷ ಕೇಳಿ ಯಾಕೆ ಸುಮ್ನಿದ್ರಿ ಚೇರ್ಮನ್ರೆ? ಆಗ ಗಿಡುಗ ಯಾರು ಅಂದ್ಕೊಂಡಿದ್ರಿ?" ಇದನ್ನು ನನಗೆ ಹೇಳಿದವನು ಅಲ್ಲಿ ಚಹಾ ಕೊಡುವವನು. ಕಲುವಾ ಟೋಪಿ ಹಾಕಿಕೊಂಡು ಎದ್ದು ಹೋದನಂತೆ.

ಆದರೂ ನವೆಂಬರ್ 27ರವರೆಗೆ ಬಿಡಲಿಲ್ಲ. ಕಾಗದ ದಕ್ಷಿಣಕ್ಕೆ ಹೋಗಿ ಬರಬೇಕಿತ್ತು. ಈ ಮೂರು ತಿಂಗಳು ನಿನಗೆ ಬರೆಯಲಿಲ್ಲ. ಅವಳು ಬಾರದೆ ಹೋಗಿದ್ದರೆ ನಾನು ನಿನಗೆ ಬರೆಯಬೇಕಾದದ್ದನ್ನು ಬರೆಯಲು ನನಗೇ ಹೆದರಿಕೆಯಾಗಿತ್ತು.

ಬಸ್ಸಿನಿಂದ ಇಳಿದಾಗ ಗುರುತು ಸಿಗಲಿಲ್ಲ. ತಲೆ ಬೋಳಿಸಿದ್ದಾರೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಹೇಗಾಯಿತು ಎಂದು ಕೇಳಿಲ್ಲ, ಅವಳು ಹೇಳಿಲ್ಲ. ನಿನ್ನ ಬಟ್ಟೆಯನ್ನೇ ಉಟ್ಟಿದ್ದಳು, ಬಣ್ಣ ಒಂದೂ ಉಳಿದಿರಲಿಲ್ಲ. ನಾನು ಅದನ್ನು ಒಗೆದು ಒರೆಸುವ ಬಟ್ಟೆ ಮಾಡಿದ್ದೇನೆ.

ಒರಳು ಬರಲಿಲ್ಲ. ಕೇಳಿದರೆ ಅದರ ಲೆಕ್ಕ ಬೇರೆ ಕಚೇರಿಯದು ಅನ್ನುತ್ತಾರೆ. ನ್ಯಾಗೊಂಡ್ವೆಯ ಮಗ ಹೊಸದೊಂದು ಕೊರೆದು ಕೊಟ್ಟ. ಹಸಿ ಮರ, ಸದ್ದು ಇನ್ನೂ ಮಂಕು.

ನೀನು ಮಾಡಿದ್ದನ್ನು ಮಾಡಿದೆ. ಅದನ್ನು ಇಲ್ಲವೆನ್ನುವುದಿಲ್ಲ. ಲುಸುಂಗುವಿಗೆ ನಿನ್ನ ಹಾಳೆ ಓದಿ ಹೇಳಿದೆ. ಅವಳು, "ಮಾವ ಇನ್ನು ಈ ಕಡೆ ಬರೋ ಹಾಗಿಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವಳು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ನೋಡಿದಾಗಲೆಲ್ಲ ಮೊದಲಿನಿಂದ ಹತ್ತುತ್ತದೆ. ಆದ್ದರಿಂದ ಕ್ಷಮಿಸಿದ್ದೇನೆ ಎಂದು ಓದಿಕೊಳ್ಳಬೇಡ. ಓದುವುದರಲ್ಲಿ ನೀನು ಎಡವುತ್ತೀಯ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಕಳೆದ ವಾರ ಅವಳು ಅಂಗಳಕ್ಕೆ ಬಂದು ಒನಕೆ ಹಿಡಿಯಲು ನೋಡಿದಳು. ಜಾರಿ ಬಿತ್ತು. ನ್ಯಾಗೊಂಡ್ವೆ ನೋಡದವಳ ಹಾಗೆ ಕುಟ್ಟುತ್ತಲೇ ಇದ್ದಳು. ಲುಸುಂಗು ಅದನ್ನು ಎತ್ತಿ ಎಡಗೈಯಲ್ಲಿ ಹಿಡಿದು ಮೊಳಕೈಯಿಂದ ಒತ್ತಿಕೊಂಡು ಎತ್ತಿ ಹಾಕಿದಳು. ಹಾಡಲಿಲ್ಲ. ಬಂದಂದಿನಿಂದ ಅವಳು ಹಾಡಿರಲಿಲ್ಲ.

ಗಿಡುಗನ ಹಾಡನ್ನು ಈಗ ಇಲ್ಲಿ ಯಾರೂ ಹಾಡುವುದಿಲ್ಲ. ಅದು ನಿನ್ನದಲ್ಲವೇ, ಅಚ್ಚಾಗಿದೆಯಲ್ಲ. ಹೊಸದೊಂದು ಹುಟ್ಟಿದೆ. ನಮ್ಮ ಅಂಗಳದಲ್ಲಿ ಶುರುವಾಗಿ ಮೂರು ಊರು ದಾಟಿದೆ, ಬಾವಿಯ ಹತ್ತಿರ ಹುಡುಗಿಯರೂ ಹಾಡುತ್ತಾರೆ. ನಿನಗೆ ಕಳಿಸುತ್ತಿದ್ದೇನೆ:

ಮಾವ ಬಂದ, ಪೆಟ್ಟಿಗೆ ತಂದ,
ಹೆಂಗಸರ ದನಿಯ ತುಂಬಿಕೊಂಡ.
ಬೆನ್ನಿಗೆ ಕಟ್ಟಿದ ಕೂಸಿಗೆ
ಕೇಳದೆ ಕೊಳ್ಳದೆ ಹೆಸರಿಟ್ಟ,
ಹೆಸರು ಹಿಡಿದು ಕೂಗಿದ,
ಕತ್ತೆಕಿರುಬಕ್ಕೆ ಕೇಳಿಸಿತು.
ಈಗ ಎದೆ ತಟ್ಟಿ ಹೇಳುತ್ತಾನೆ,
ಹೆತ್ತದ್ದು ನಾನೇ, ನಾನೇ.
ಹಾಲಿದೆಯೇ ಮಾವಾ, ಎದೆಯಲ್ಲಿ ಹಾಲಿದೆಯೇ?
ಕುಟ್ಟು, ಒನಕೆ, ಕುಟ್ಟು.

ಮೊದಲ ಸಲ ಕೇಳಿದಾಗ ಲುಸುಂಗು ಒನಕೆ ನಿಲ್ಲಿಸಿ ನಮ್ಮೆಲ್ಲರ ಮುಖ ನೋಡಿದಳು. ನಾನು ಜರಡಿಯ ಕಡೆ ನೋಡುತ್ತಿದ್ದೆ. ಎರಡನೆಯ ಸಲ ತುಟಿ ಕಚ್ಚಿಕೊಂಡಳು. ಮೂರನೆಯ ಸಲ ಹಾಲಿದೆಯೇ ಎನ್ನುವಲ್ಲಿ ಅವಳ ದನಿ ಸೇರಿತು. ಒಡೆದ ದನಿ, ಮೇಲೆ ಹೋಗುವುದಿಲ್ಲ. ಆದರೆ ಅದರಲ್ಲಿ ನಗುವಿತ್ತು. ನನ್ನ ಪುಸ್ತಕದಲ್ಲಿ ಆ ದಿನಕ್ಕೆ ಬರೆದಿದ್ದೇನೆ: ಹಿಟ್ಟು ಒಣಗಿತು.

ನೀನು ಇಲ್ಲಿದ್ದಿದ್ದರೆ ಹಳೆಯ ಮುಖಂಡನ ಹಾಗೆ ಬೇಲಿಯ ಹತ್ತಿರ ನಿಂತು ಪೂರ್ತಿ ಕೇಳಿ, ಏನೂ ಆಡದೆ ಮನೆಗೆ ಹೋಗಬೇಕಿತ್ತು. ಅಲ್ಲೇ ಲಾರಿಯ ಪಕ್ಕ ನಿಂತು ಕೇಳಿಸಿಕೋ. ಯಾರು ಕಟ್ಟಿದ್ದು ಎಂದು ಮಾತ್ರ ಕೇಳಬೇಡ.

ಹೊಸ ಒರಳು ಕಟ್ಟಿದ್ದು.

ತಿವೊಂಗೆ